ಹೃದಯಕ್ಕೆಂದು ಹೊರಟ ಮಾತ್ರೆ

‘ಬಿಪಿ ಮಾತ್ರೆ’ಗಳೆಲ್ಲ ಒಂದೇ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಯಜಮಾನರ ಮಾತ್ರೆ ಮುಗಿದಿದ್ದರೆ ಹೆಂಡತಿಯ ಡಬ್ಬಿಯಿಂದ ಒಂದನ್ನು ತೆಗೆದು ನುಂಗುವುದುಂಟು. ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರೆಯ ಹೆಸರು ಬರೆದುಕೊಂಡು ಹೋಗಿ ಔಷಧಿ ಅಂಗಡಿಯಲ್ಲಿ ಕೇಳುವುದೂ ಉಂಟು. ಆ ಸ್ಟ್ರಿಪ್ ತಿರುಗಿಸಿ ಬ್ರ್ಯಾಂಡ್ ಹೆಸರಿನ ಆಸುಪಾಸಿನ ಸಣ್ಣ ಅಕ್ಷರಗಳನ್ನು ಓದಿ ನೋಡಿ. ಒಂದರ ಮೇಲೆ ಅಮ್ಲೋಡಿಪಿನ್ ಎಂದಿರುತ್ತದೆ. ಅದು ರಕ್ತನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುವ ಔಷಧಿ. ಇನ್ನೊಂದರ ಮೇಲೆ ಟೆಲ್ಮಿಸಾರ್ಟಾನ್. ಅದು ರಕ್ತನಾಳವನ್ನು ಬಿಗಿಯುವ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನಿಗೆ ತಡೆಯೊಡ್ಡುತ್ತದೆ. ಮೂರನೆಯದರ ಮೇಲೆ ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್ ಎಂದೇನಾದರೂ ‘ಲಾಲ್’ನಲ್ಲಿ ಮುಗಿಯುವ ಹೆಸರಿದ್ದರೆ ಅದು ಬೀಟಾ ಬ್ಲಾಕರ್. ಅದರ ಮುಖ್ಯ ಗುರಿ ಹೃದಯ.

ಮೂರೂ ಬಿಪಿ ಇಳಿಸುತ್ತವೆ. ತೋಳಿಗೆ ಪಟ್ಟಿ ಸುತ್ತಿ ಅಳೆದಾಗ 160 ಇದ್ದದ್ದು ಮೂರರಲ್ಲಿ ಯಾವುದರಿಂದಲಾದರೂ 140ಕ್ಕೆ ಬರಬಹುದು. ಅಂಕಿ ಒಂದೇ ಆದಮೇಲೆ ಲಾಭವೂ ಒಂದೇ ತಾನೆ? ವೈದ್ಯಲೋಕ ಸುಮಾರು ನಲವತ್ತು ವರ್ಷ ಹಾಗೆಯೇ ನಂಬಿತ್ತು. ಆ ನಂಬಿಕೆ ಅಲುಗಾಡಿದ್ದು ಬೀಟಾ ಬ್ಲಾಕರ್‌ಗಳ ದೆಸೆಯಿಂದ.

ಒಂದೇ ಅಡ್ರಿನಲಿನ್, ಹಲವು ಕೆಲಸ

ರಾತ್ರಿ ಬೈಕಿನಲ್ಲಿ ಹೋಗುತ್ತಿದ್ದಾಗ ನಾಯಿಯೊಂದು ಅಡ್ಡ ನುಗ್ಗಿತು ಎನ್ನಿ. ಬ್ರೇಕು ಹಿಡಿದು ನಿಲ್ಲಿಸುವಷ್ಟರಲ್ಲಿ ಎದೆ ಡವಡವ, ಕೈ ನಡುಕ, ಮೈಯೆಲ್ಲ ಬೆವರು. ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ ಎರಡು ಪುಟ್ಟ ಗ್ರಂಥಿಗಳು ಆ ಕ್ಷಣದಲ್ಲಿ ಅಡ್ರಿನಲಿನ್ ಸುರಿಸಿರುತ್ತವೆ. ಹೃದಯಕ್ಕೆ ಹೋಗುವ ನರತುದಿಗಳು ಅದರ ಸೋದರ ನಾರ್ಅಡ್ರಿನಲಿನ್ನನ್ನು ಬಿಟ್ಟಿರುತ್ತವೆ. ಈ ಗ್ರಂಥಿಯ ಸಾರ ರಕ್ತದೊತ್ತಡವನ್ನು ಜಿಗಿಸುತ್ತದೆ ಎಂಬುದನ್ನು ಇಂಗ್ಲೆಂಡಿನ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ 1890ರ ದಶಕದಲ್ಲೇ ತೋರಿಸಿದ್ದರು. ಜಪಾನಿನ ಜೋಕಿಚಿ ತಕಮಿನೆ 1901ರ ಹೊತ್ತಿಗೆ ಆ ಸಾರದಿಂದ ಅಡ್ರಿನಲಿನ್ನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು.

ಆದರೆ ಒಂದು ಒಗಟು ಉಳಿದೇಬಿಟ್ಟಿತು. ಇದೇ ಅಡ್ರಿನಲಿನ್ ಚರ್ಮದ ರಕ್ತನಾಳಗಳನ್ನು ಬಿಗಿಯುತ್ತದೆ, ಶ್ವಾಸನಾಳಗಳನ್ನು ಮಾತ್ರ ಅಗಲಿಸುತ್ತದೆ. ಕೆಲವು ಸ್ನಾಯುಗಳನ್ನು ಸಡಿಲಗೊಳಿಸುತ್ತದೆ, ಹೃದಯವನ್ನು ಓಡಿಸುತ್ತದೆ. ಒಂದೇ ರಾಸಾಯನಿಕದಿಂದ ಇಷ್ಟು ವಿರುದ್ಧ ಕೆಲಸಗಳು ಹೇಗೆ?

ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾದಲ್ಲಿದ್ದ ರೇಮಂಡ್ ಆಲ್‌ಕ್ವಿಸ್ಟ್ ಇದಕ್ಕೆ ಉತ್ತರ ಕಂಡರು. ಅಡ್ರಿನಲಿನ್‌ನ ಬಳಗಕ್ಕೆ ಸೇರಿದ ಹಲವು ರಾಸಾಯನಿಕಗಳನ್ನು ಅವರು ಒಂದೊಂದಾಗಿ ಬೇರೆಬೇರೆ ಅಂಗಗಳ ಮೇಲೆ ಪ್ರಯೋಗಿಸಿ ಯಾವುದರ ಬಲ ಎಷ್ಟು ಎಂದು ಪಟ್ಟಿ ಮಾಡಿದರು. ರಕ್ತನಾಳ ಬಿಗಿಯುವುದರಲ್ಲಿ ಒಂದು ಕ್ರಮ ಬಂತು. ಹೃದಯವನ್ನು ಓಡಿಸುವುದರಲ್ಲಿ ಬೇರೆಯೇ ಕ್ರಮ ಬಂತು: ಮೊದಲ ಪಟ್ಟಿಯ ಕೊನೆಯಲ್ಲಿದ್ದ ಐಸೊಪ್ರಿನಲಿನ್ ಎರಡನೆಯದರಲ್ಲಿ ತುದಿಗೆ ಹತ್ತಿ ಕೂತಿತ್ತು. ಹಾಗಾದರೆ ಜೀವಕೋಶದ ಮೇಲೆ ಅಡ್ರಿನಲಿನ್ ಬಂದು ಕೂರುವ ಜಾಗಗಳಲ್ಲೇ ಎರಡು ಬಗೆ ಇರಬೇಕು ಎಂದು ಅವರು ತರ್ಕಿಸಿದರು. ಅವುಗಳನ್ನು ಆಲ್ಫಾ ಗ್ರಾಹಕ, ಬೀಟಾ ಗ್ರಾಹಕ ಎಂದು ಕರೆದರು. 1948ರಲ್ಲಿ ಪ್ರಬಂಧ ಅಚ್ಚಾಯಿತು. ಅದಕ್ಕೂ ಮೊದಲು ಒಂದು ಪತ್ರಿಕೆ ಅದನ್ನು ತಿರಸ್ಕರಿಸಿತ್ತು. ಅಚ್ಚಾದ ಮೇಲೂ ಹೆಚ್ಚಿನವರು ಅದನ್ನು ಮೂಸಿ ನೋಡಲಿಲ್ಲ. ಗ್ರಾಹಕವನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲವಲ್ಲ.

ಪೂರೈಕೆ ಬೇಡ, ಬೇಡಿಕೆ ತಗ್ಗಿಸಿ

ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಆ ಪ್ರಬಂಧವನ್ನು ಗಂಭೀರವಾಗಿ ತೆಗೆದುಕೊಂಡರು. ವೈದ್ಯಶಿಕ್ಷಣ ಮುಗಿಸಿಯೂ ರೋಗಿಗಳ ಮಧ್ಯೆ ಹೋಗದೆ ಶರೀರಕ್ರಿಯಾಶಾಸ್ತ್ರ ಕಲಿಸುತ್ತ, ಸಾಲ ತೀರಿಸಲು ಸಿಂಗಪುರದಲ್ಲಿ ಕೆಲವು ವರ್ಷ ಪಾಠ ಹೇಳಿ, ಗ್ಲಾಸ್ಗೊದ ಪಶುವೈದ್ಯ ಶಾಲೆಗೆ ಬಂದವರು ಅವರು. ಅವರ ತಂದೆ ಹೃದಯಾಘಾತದಿಂದ ತೀರಿಕೊಂಡಿದ್ದರು. ಆಂಜೈನಾ ಎಂಬ ಎದೆನೋವಿಗೆ ಆಗ ಎಲ್ಲರೂ ಹುಡುಕುತ್ತಿದ್ದದ್ದು ಹೃದಯಕ್ಕೆ ಹೆಚ್ಚು ರಕ್ತ ಹರಿಸುವ ದಾರಿಯನ್ನು. ಬ್ಲ್ಯಾಕ್ ಪ್ರಶ್ನೆಯನ್ನೇ ತಿರುಗಿಸಿದರು. ರೋಗಗ್ರಸ್ತ ನಾಳ ಅಗಲವಾಗುವುದು ಕಷ್ಟ. ಅದರ ಬದಲು ಹೃದಯ ಕೇಳುವ ಆಮ್ಲಜನಕವನ್ನೇ ಕಡಿಮೆ ಮಾಡಿದರೆ? ಗಾಬರಿ, ಕೋಪ, ಮೆಟ್ಟಿಲು ಹತ್ತುವ ಶ್ರಮಗಳ ಹೊತ್ತಿನಲ್ಲಿ ಹೃದಯವನ್ನು ಅಟ್ಟಿಸಿಕೊಂಡು ಹೋಗುವುದು ಅಡ್ರಿನಲಿನ್. ಬೀಟಾ ಗ್ರಾಹಕದಲ್ಲಿ ಅದು ಕೂರದಂತೆ ಮಾಡಿದರೆ ಸಾಕು.

ಈ ‘ಕೂರದಂತೆ ಮಾಡುವುದು’ ಎಂದರೇನು? ಹಬ್ಬದ ಮುನ್ನಾದಿನ ಬಸ್ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿನ ಮೇಲೆ ಟವೆಲು ಎಸೆಯುವುದನ್ನು ನೋಡಿದ್ದೀರಿ. ಟವೆಲು ಪ್ರಯಾಣ ಮಾಡುವುದಿಲ್ಲ, ಟಿಕೆಟ್ಟೂ ಕೊಳ್ಳುವುದಿಲ್ಲ. ಅದು ಇರುವವರೆಗೆ ಬೇರೆಯವರು ಕೂರುವಂತಿಲ್ಲ, ಅಷ್ಟೆ. ಬೀಟಾ ಬ್ಲಾಕರ್ ಎಂದರೆ ಆ ಟವೆಲು. ನೂಕುನುಗ್ಗಲು ವಿಪರೀತವಾದರೆ ಟವೆಲು ಸರಿಸಿ ಕೂರುವವರೂ ಇರುತ್ತಾರೆ. ಮೈಯಲ್ಲೂ ಅದೇ ಕಥೆ: ಅಡ್ರಿನಲಿನ್ ಧಾರಾಳವಾಗಿ ಉಕ್ಕಿದರೆ ಔಷಧಿಯ ತಡೆ ಒಂದಿಷ್ಟು ಸೋಲುತ್ತದೆ.

1958ರಲ್ಲಿ ಬ್ಲ್ಯಾಕ್ ಐಸಿಐ ಎಂಬ ಬ್ರಿಟಿಷ್ ರಾಸಾಯನಿಕ ಕಂಪನಿಯ ಔಷಧಿ ವಿಭಾಗ ಸೇರಿದರು. ಅದೇ ಹೊತ್ತಿಗೆ ಅಮೆರಿಕದ ಎಲಿ ಲಿಲಿ ಕಂಪನಿಯ ಪ್ರಯೋಗಾಲಯದಲ್ಲಿ ಡಿಸಿಐ ಎಂಬ ವಸ್ತು ಬೀಟಾ ಗ್ರಾಹಕಕ್ಕೆ ಅಡ್ಡ ಕೂರುವುದು ಗೊತ್ತಾಗಿತ್ತು. ಬ್ಲ್ಯಾಕ್ ಅದನ್ನು ಪ್ರಾಣಿಯ ಹೃದಯದ ಮೇಲೆ ಪರೀಕ್ಷಿಸಿದಾಗ ಬಡಿತ ಕುಗ್ಗುವ ಬದಲು ಏರಿತು. ಡಿಸಿಐ ಜಾಗ ಹಿಡಿಯುತ್ತಿತ್ತು ನಿಜ, ಜೊತೆಗೆ ಅಡ್ರಿನಲಿನ್‌ನ ಕೆಲಸವನ್ನೂ ಅರೆಬರೆ ಮಾಡುತ್ತಿತ್ತು. ಸಹೋದ್ಯೋಗಿ ರಸಾಯನಶಾಸ್ತ್ರಜ್ಞ ಜಾನ್ ಸ್ಟೀಫನ್‌ಸನ್ ಆ ಅಣುವಿನ ಕ್ಲೋರಿನ್‌ಗಳನ್ನು ಕಿತ್ತು, ಅಲ್ಲಿ ಇನ್ನೊಂದು ಇಂಗಾಲದ ಉಂಗುರ ಜೋಡಿಸಿದರು. ಹುಟ್ಟಿದ್ದು ಪ್ರೊನೆಥಲಾಲ್. ಅದು ಆಂಜೈನಾ ರೋಗಿಗಳಿಗೆ ಒಳ್ಳೆಯ ಫಲ ಕೊಟ್ಟಿತು. ಆದರೆ ಇಲಿಗಳಲ್ಲಿ ಥೈಮಸ್ ಗ್ರಂಥಿಯ ಗೆಡ್ಡೆಗಳನ್ನು ಎಬ್ಬಿಸಿತು. ಅದನ್ನು ಬದಿಗಿಟ್ಟು ಮತ್ತೆ ತಿದ್ದಿದ ಅಣುವೇ ಪ್ರೊಪ್ರನೊಲಾಲ್. 1965ರಲ್ಲಿ ‘ಇಂಡೆರಾಲ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಬ್ಲ್ಯಾಕ್ ಅಷ್ಟರಲ್ಲಿ ಬೇರೆ ಕಂಪನಿಗೆ ಹೋಗಿ ಹೊಟ್ಟೆಹುಣ್ಣಿನ ಔಷಧಿಯ ಬೆನ್ನು ಹತ್ತಿದ್ದರು. 1988ರಲ್ಲಿ ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಅವರ ಜೊತೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಗಮನಿಸಿ, ಬ್ಲ್ಯಾಕ್ ಅವರ ಈ ಹುಡುಕಾಟದಲ್ಲಿ ರಕ್ತದೊತ್ತಡ ಇಳಿಸುವ ಮಾತೇ ಬಂದಿಲ್ಲ.

ಯಾರೂ ನಿರೀಕ್ಷಿಸದ ಇಳಿಕೆ

ಆ ಕಾಲದಲ್ಲಿ ಬಿಪಿಗೆ ಇದ್ದ ಔಷಧಿಗಳು ರೋಗಕ್ಕಿಂತ ಹೆಚ್ಚು ಕಾಡುತ್ತಿದ್ದವು. ಕೆಲವನ್ನು ತೆಗೆದುಕೊಂಡವರು ಹಾಸಿಗೆಯಿಂದ ಎದ್ದು ನಿಂತರೆ ತಲೆ ಸುತ್ತಿ ಬೀಳುತ್ತಿದ್ದರು. ನಮ್ಮ ಕಾಡುಗಳ ಸರ್ಪಗಂಧದ ಬೇರು ಬಿಪಿ ಇಳಿಸುತ್ತದೆಂದು ಮುಂಬೈಯ ವೈದ್ಯ ರುಸ್ತಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತೇ ಅತ್ತ ತಿರುಗಿತ್ತು. ಅದರಿಂದ ತೆಗೆದ ರಿಸರ್ಪಿನ್ ಬಹಳ ಕಾಲ ಬಳಕೆಯಲ್ಲಿತ್ತು. ಆದರೆ ಕೆಲವರಿಗೆ ಅದು ಖಿನ್ನತೆ ತರುತ್ತದೆಂಬ ಭಯ ವೈದ್ಯರನ್ನು ಬಿಡಲಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಬ್ರಯನ್ ಪ್ರಿಚರ್ಡ್ ಆಂಜೈನಾ ರೋಗಿಗಳಿಗೆ ಬೀಟಾ ಬ್ಲಾಕರ್ ಕೊಡುತ್ತಿದ್ದಾಗ ಅವರ ಬಿಪಿಯೂ ಇಳಿಯುತ್ತಿರುವುದನ್ನು ಕಂಡರು. 1964ರಲ್ಲಿ ಅದನ್ನು ಪ್ರಕಟಿಸಿದರು. ನಂಬುವವರು ಕಡಿಮೆಯಿದ್ದರು, ಅದಕ್ಕೆ ಕಾರಣವೂ ಇತ್ತು. ಔಷಧಿಯನ್ನು ಒಮ್ಮೆ ಕೊಟ್ಟು ಅಳೆದರೆ ಬಿಪಿ ಅಷ್ಟಾಗಿ ಅಲ್ಲಾಡುತ್ತಿರಲಿಲ್ಲ. ಹೃದಯ ಕಡಿಮೆ ರಕ್ತ ತಳ್ಳುತ್ತಿತ್ತು, ಅದನ್ನು ಸರಿದೂಗಿಸಲು ರಕ್ತನಾಳಗಳು ಬಿಗಿದುಕೊಳ್ಳುತ್ತಿದ್ದವು. ರಕ್ತದೊತ್ತಡ ನಿಂತಿರುವುದು ಈ ಎರಡರ ಗುಣಲಬ್ಧದ ಮೇಲೆ. ಪ್ರಿಚರ್ಡ್ ವಾರಗಟ್ಟಲೆ ಕಾದಿದ್ದರಿಂದಲೇ ಅವರಿಗೆ ಇಳಿಕೆ ಕಂಡಿತು. ದಿನ ಕಳೆದಂತೆ ಬಿಗಿದ ನಾಳಗಳು ಮತ್ತೆ ಸಡಿಲವಾಗುತ್ತವೆ, ಬಿಪಿ ಮೆಲ್ಲಗೆ ಕೆಳಗೆ ಬರುತ್ತದೆ.

ಇದರ ಹಿಂದಿನ ಒಂದು ಕಾರಣ ಮೂತ್ರಪಿಂಡದಲ್ಲಿದೆ. ಅಲ್ಲಿನ ಕೆಲವು ಕೋಶಗಳ ಮೇಲೂ ಬೀಟಾ ಗ್ರಾಹಕಗಳಿವೆ. ಅವು ಚುರುಕಾದಾಗ ರೆನಿನ್ ಎಂಬ ಕಿಣ್ವ ಹೊರಬೀಳುತ್ತದೆ. ರೆನಿನ್‌ನಿಂದ ಶುರುವಾಗುವ ಸರಪಳಿ ಕೊನೆಗೆ ಆಂಜಿಯೊಟೆನ್ಸಿನ್ ಹುಟ್ಟಿಸಿ ನಾಳಗಳನ್ನು ಬಿಗಿಯುತ್ತದೆ. ಬೀಟಾ ಬ್ಲಾಕರ್ ಈ ಸರಪಳಿಯನ್ನು ಬುಡದಲ್ಲೇ ಸಡಿಲಿಸುತ್ತದೆ. ಹಾಗಿದ್ದರೂ ಬಿಪಿ ಇಳಿಕೆಯ ಪೂರ್ತಿ ಲೆಕ್ಕ ಇಷ್ಟರಿಂದಲೇ ಮುಗಿಯುವುದಿಲ್ಲ.

1967ರಲ್ಲಿ ಬೀಟಾ ಗ್ರಾಹಕಗಳಲ್ಲೇ ಎರಡು ಬಗೆ ಇರುವುದು ತಿಳಿಯಿತು. ಬೀಟಾ-1 ಮುಖ್ಯವಾಗಿ ಹೃದಯದಲ್ಲಿ, ಬೀಟಾ-2 ಶ್ವಾಸನಾಳಗಳಲ್ಲಿ. ಪ್ರೊಪ್ರನೊಲಾಲ್ ಎರಡನ್ನೂ ಮುಚ್ಚುತ್ತಿದ್ದರಿಂದ ಅಸ್ತಮಾ ಇದ್ದವರಿಗೆ ಉಸಿರೇ ಕಟ್ಟುತ್ತಿತ್ತು. ಹೃದಯವನ್ನಷ್ಟೇ ಮುಟ್ಟುವ ಔಷಧಿಯೆಂದು ಪ್ರಾಕ್ಟೊಲಾಲ್ ಬಂತು. ಅದು ಕೆಲವರ ಕಣ್ಣು, ಚರ್ಮ, ಹೊಟ್ಟೆಯ ಒಳಪೊರೆಗಳಿಗೆ ತೀವ್ರ ಹಾನಿ ಮಾಡಿದ್ದರಿಂದ 1970ರ ದಶಕದ ಮಧ್ಯದಲ್ಲಿ ಹಿಂದಕ್ಕೆ ಸರಿಯಬೇಕಾಯಿತು. ಅದರ ಜಾಗಕ್ಕೆ 1976ರಲ್ಲಿ ಬಂದದ್ದು ಅಟೆನೊಲಾಲ್. ದಿನಕ್ಕೊಂದೇ ಮಾತ್ರೆ, ಅಗ್ಗದ ಬೆಲೆ. ಜಗತ್ತಿನ ತುಂಬ ಲಕ್ಷಾಂತರ ಬಿಪಿ ರೋಗಿಗಳ ಮೊದಲ ಔಷಧಿ ಅದೇ ಆಯಿತು. ನಮ್ಮ ಪೇಟೆಗಳ ಚಿಕ್ಕ ಕ್ಲಿನಿಕ್ಕುಗಳಲ್ಲೂ ಚೀಟಿಯ ಮೇಲೆ ಮೊದಲು ಬೀಳುತ್ತಿದ್ದ ಹೆಸರುಗಳಲ್ಲಿ ಅದೂ ಒಂದು.

ತೋಳಿನ ಅಂಕಿ, ಎದೆಯ ಅಂಕಿ

ಬಿಪಿ ಇಳಿಸುವುದು ಅಂಕಿ ಚೆನ್ನಾಗಿ ಕಾಣಲಿ ಎಂದಲ್ಲ. ಲಕ್ವ ಹೊಡೆಯದಿರಲಿ, ಹೃದಯಾಘಾತ ಆಗದಿರಲಿ, ಮೂತ್ರಪಿಂಡ ಕೆಡದಿರಲಿ ಎಂದು. ಈ ಅಳತೆಗೋಲು ಹಿಡಿದು ನೋಡಿದ ದೊಡ್ಡ ಅಧ್ಯಯನಗಳು 2000ದ ನಂತರ ಸಾಲಾಗಿ ಬಂದವು. 2002ರಲ್ಲಿ ಪ್ರಕಟವಾದ ‘ಲೈಫ್’ ಅಧ್ಯಯನದಲ್ಲಿ ಬಿಪಿಯಿಂದ ಹೃದಯ ದಪ್ಪವಾಗಿದ್ದ 9,193 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಅಟೆನೊಲಾಲ್, ಉಳಿದವರಿಗೆ ಟೆಲ್ಮಿಸಾರ್ಟಾನ್ ಬಳಗದ ಲೊಸಾರ್ಟಾನ್ ಕೊಟ್ಟರು. ಎರಡೂ ಗುಂಪಿನ ಬಿಪಿ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿಯಿತು. ಆದರೆ ಲೊಸಾರ್ಟಾನ್ ಗುಂಪಿನಲ್ಲಿ ಪಾರ್ಶ್ವವಾಯು ಶೇ. 25ರಷ್ಟು ಕಡಿಮೆ ಇತ್ತು. 2005ರ ‘ಆಸ್ಕಾಟ್’ ಅಧ್ಯಯನದಲ್ಲಿದ್ದವರು 19,257 ಮಂದಿ. ಅಮ್ಲೋಡಿಪಿನ್‌ನಿಂದ ಶುರು ಮಾಡಿದವರಿಗೆ ಅಟೆನೊಲಾಲ್‌ನಿಂದ ಶುರು ಮಾಡಿದವರಿಗಿಂತ ಪಾರ್ಶ್ವವಾಯು ಶೇ. 23ರಷ್ಟು ಕಡಿಮೆ. ವ್ಯತ್ಯಾಸ ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ತೋಳಿನಲ್ಲಿ ಸಮನಾಗಿ ಇಳಿದ ಒತ್ತಡ ಮಿದುಳನ್ನು ಏಕೆ ಸಮನಾಗಿ ಕಾಯಲಿಲ್ಲ? ಆಸ್ಕಾಟ್‌ನದೇ ಒಂದು ಕವಲು ಅಧ್ಯಯನ ಇದನ್ನು ಹುಡುಕಿತು. ಹೃದಯದಿಂದ ಹೊರಬೀಳುವ ಮಹಾಪಧಮನಿಯ ಒಳಗಿನ ಒತ್ತಡವನ್ನು ಮಣಿಕಟ್ಟಿನ ನಾಡಿಯ ಅಲೆಯ ಆಕಾರದಿಂದ ಲೆಕ್ಕ ಹಾಕುವ ವಿಧಾನವಿದೆ. ಹಾಗೆ ನೋಡಿದಾಗ, ತೋಳಿನ ಅಂಕಿ ಎರಡೂ ಗುಂಪಿನಲ್ಲಿ ಬಹುತೇಕ ಒಂದೇ ಇದ್ದರೂ ಮಹಾಪಧಮನಿಯೊಳಗಿನ ಒತ್ತಡ ಅಟೆನೊಲಾಲ್ ಗುಂಪಿನಲ್ಲಿ ಸುಮಾರು 4 ಮಿ.ಮೀ. ಪಾದರಸದಷ್ಟು ಹೆಚ್ಚಿತ್ತು. ಕಾರಣ ಹೀಗೆ. ಪ್ರತಿ ಬಡಿತವೂ ನಾಳಗಳಲ್ಲಿ ಒಂದು ಒತ್ತಡದ ಅಲೆ ಎಬ್ಬಿಸುತ್ತದೆ. ಆ ಅಲೆ ಕವಲುಗಳಿಗೆ ಬಡಿದು ಹಿಂದಿರುಗುತ್ತದೆ. ಹೃದಯ ನಿಧಾನವಾದಾಗ ಒಂದೊಂದು ಬಡಿತದ ತಳ್ಳುವಿಕೆಯೂ ಕೊಂಚ ದೀರ್ಘವಾಗುತ್ತದೆ. ಹಿಂದಿರುಗಿದ ಅಲೆ ಬರುವಷ್ಟರಲ್ಲಿ ಹೃದಯ ಇನ್ನೂ ತಳ್ಳುತ್ತಲೇ ಇರುವುದರಿಂದ ಎರಡೂ ಸೇರಿ ಒಳಗಿನ ಒತ್ತಡ ಏರುತ್ತದೆ. ಮಿದುಳಿಗೆ ಹೋಗುವ ನಾಳಗಳು ಕವಲೊಡೆಯುವುದು ಅಲ್ಲಿಂದಲೇ. ತೋಳಿನ ಪಟ್ಟಿ ಅಲ್ಲಿಯ ಕಥೆಯನ್ನು ಪೂರ್ತಿ ಹೇಳುವುದಿಲ್ಲ.

ಬ್ರಿಟನ್ 2006ರಲ್ಲಿ ಬೀಟಾ ಬ್ಲಾಕರ್‌ಗಳನ್ನು ಬಿಪಿಯ ಮೊದಲ ಸಾಲಿನಿಂದ ಕೊನೆಗೆ ತಳ್ಳಿತು. ಅಮೆರಿಕದ ಮಾರ್ಗಸೂಚಿಗಳೂ ಮುಂದೆ ಅದೇ ದಾರಿ ಹಿಡಿದವು. ಭಾರತದಲ್ಲಿ 2017ರಲ್ಲಿ ಆರಂಭವಾದ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದ ಚಿಕಿತ್ಸಾ ಕ್ರಮದಲ್ಲೂ ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಕ್ಲೋರ್ತಾಲಿಡೋನ್‌ಗಳೇ ಮುಂದಿವೆ. ಯುರೋಪಿನ ತಜ್ಞರ ಸಂಘ ಮಾತ್ರ 2023ರಲ್ಲೂ ಬೀಟಾ ಬ್ಲಾಕರನ್ನು ಐದು ಪ್ರಮುಖ ಬಗೆಗಳ ಪಟ್ಟಿಯಲ್ಲಿ ಉಳಿಸಿಕೊಂಡಿದೆ. ಅದಕ್ಕೂ ಆಧಾರವಿದೆ. ಹಿನ್ನಡೆಯ ಪುರಾವೆ ಹೆಚ್ಚಾಗಿ ಬಂದದ್ದು ವಯಸ್ಸಾದವರಿಂದ, ಅದರಲ್ಲೂ ಅಟೆನೊಲಾಲ್ ತೆಗೆದುಕೊಂಡವರಿಂದ. ರಕ್ತನಾಳಗಳನ್ನೂ ಸಡಿಲಿಸುವ ಕಾರ್ವೆಡಿಲಾಲ್, ನೆಬಿವೊಲಾಲ್‌ನಂಥ ಔಷಧಿಗಳು ಬೇರೆ ಸ್ವಭಾವದವು.

ಸ್ವಂತ ನೆಲದಲ್ಲಿ

ಬಿಪಿಯ ಪಟ್ಟಿಯಲ್ಲಿ ಹಿಂದೆ ಸರಿದ ಈ ಔಷಧಿ ಹೃದಯದ ವಿಷಯದಲ್ಲಿ ರಾಜನೇ. ಹೃದಯಾಘಾತದಿಂದ ಪಾರಾದವರಿಗೆ ಪ್ರೊಪ್ರನೊಲಾಲ್ ಕೊಟ್ಟ ಅಮೆರಿಕದ ಅಧ್ಯಯನದಲ್ಲಿ ಸಾವು ಶೇ. 9.8ರಿಂದ ಶೇ. 7.2ಕ್ಕೆ ಇಳಿದದ್ದು 1980ರ ದಶಕದ ಆರಂಭದಲ್ಲಿ ದೊಡ್ಡ ಸುದ್ದಿ. ಇನ್ನೂ ಅಚ್ಚರಿಯ ತಿರುವು ಹೃದಯ ವೈಫಲ್ಯದ್ದು. ಸೋತ ಹೃದಯವನ್ನು ಇನ್ನಷ್ಟು ನಿಧಾನಿಸುವ ಔಷಧಿ ಕೊಡುವುದು ಮಹಾ ಅಪಾಯ ಎಂದು ಪಠ್ಯಪುಸ್ತಕಗಳೇ ಹೇಳುತ್ತಿದ್ದವು. ಸ್ವೀಡನ್ನಿನ ಯೊಟೆಬೊರಿಯಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು 1975ರಲ್ಲಿ ಏಳು ರೋಗಿಗಳಿಗೆ ಕೊಟ್ಟು ಸುಧಾರಣೆ ಕಂಡರು. ನಂಬಿಕೆ ಬರಲು ಕಾಲು ಶತಮಾನ ಹಿಡಿಯಿತು. 1999ರಲ್ಲಿ ಬಿಸೊಪ್ರೊಲಾಲ್ ಮತ್ತು ಮೆಟೊಪ್ರೊಲಾಲ್‌ಗಳ ಎರಡು ದೊಡ್ಡ ಅಧ್ಯಯನಗಳು ಪ್ರಕಟವಾದವು. ಎರಡರಲ್ಲೂ ಸಾವಿನ ಪ್ರಮಾಣ ಶೇ. 34ರಷ್ಟು ತಗ್ಗಿತ್ತು. ದುರ್ಬಲ ಹೃದಯವನ್ನು ಅಡ್ರಿನಲಿನ್ ಹಗಲಿರುಳು ಚಾಟಿಯೇಟಿನಲ್ಲಿ ಓಡಿಸುತ್ತಿರುತ್ತದೆ. ತೀರ ಕಡಿಮೆ ಪ್ರಮಾಣದಿಂದ ಆರಂಭಿಸಿ ಮೆಲ್ಲಗೆ ಏರಿಸಿದರೆ ಹೃದಯ ಚೇತರಿಸಿಕೊಳ್ಳುತ್ತದೆ.

ಇದೂ ಕೊನೆಯ ಮಾತಲ್ಲ. ಹೃದಯಾಘಾತದ ನಂತರವೂ ಪಂಪಿನ ಶಕ್ತಿ ಚೆನ್ನಾಗಿ ಉಳಿದಿರುವವರಿಗೆ, ಸ್ಟೆಂಟು ಮತ್ತು ಹೊಸ ಔಷಧಿಗಳ ಈ ಕಾಲದಲ್ಲಿ, ಬೀಟಾ ಬ್ಲಾಕರ್ ಬೇಕೇ ಎಂದು 5,020 ಮಂದಿಯ ಮೇಲೆ ನಡೆದ 2024ರ ಅಧ್ಯಯನ ಕೇಳಿತು. ಅದರಲ್ಲಿ ಹೆಚ್ಚುವರಿ ಲಾಭ ಕಾಣಲಿಲ್ಲ.

ಉಳಿದ ಉಪಯೋಗಗಳು ಹಲವು. ಏರುಪೇರಾದ ಬಡಿತ, ಥೈರಾಯ್ಡ್ ಅತಿಯಾದಾಗಿನ ನಡುಕ, ಅರೆತಲೆನೋವು ಬಾರದಂತೆ ತಡೆಯುವುದು, ಗರ್ಭಿಣಿಯರ ಬಿಪಿಗೆ ಲ್ಯಾಬೆಟಲಾಲ್, ಕಣ್ಣಿನ ಗ್ಲಾಕೋಮಾಗೆ ಟಿಮೊಲಾಲ್ ಹನಿ. ವೇದಿಕೆಯ ಮೇಲೆ ಕೈ ನಡುಗದಿರಲೆಂದು ಸಂಗೀತಗಾರರೂ ಬಳಸಿದ್ದಾರೆ. ಗುರಿಯಿಡುವ ಕ್ರೀಡೆಗಳಲ್ಲಿ ನಿಷೇಧವಿದೆ: 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಕಿಮ್ ಜಾಂಗ್-ಸು ಪ್ರೊಪ್ರನೊಲಾಲ್ ಸೇವಿಸಿದ್ದಕ್ಕೆ ಎರಡು ಪದಕ ಕಳೆದುಕೊಂಡರು.

ನುಂಗುವವರು ತಿಳಿದಿರಬೇಕಾದ್ದು

ಸುಸ್ತು, ತಣ್ಣನೆಯ ಕೈಕಾಲು, ನಿಧಾನ ನಾಡಿ, ಕೆಲವರಿಗೆ ಕೆಟ್ಟ ಕನಸು, ಕೆಲವು ಗಂಡಸರಿಗೆ ಲೈಂಗಿಕ ತೊಂದರೆ ಇವು ಸಾಮಾನ್ಯ ಅಡ್ಡಪರಿಣಾಮಗಳು. ಇವನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿದರೆ ಔಷಧಿಯನ್ನೋ ಪ್ರಮಾಣವನ್ನೋ ಬದಲಿಸಬಹುದು. ಅಸ್ತಮಾ ಇರುವವರು ಅದನ್ನು ಮೊದಲೇ ತಿಳಿಸಬೇಕು, ಕಣ್ಣಿಗೆ ಹಾಕುವ ಹನಿಯಾದರೂ ಸರಿ. ಹನಿಯ ಔಷಧಿಯೂ ರಕ್ತಕ್ಕೆ ಸೇರುತ್ತದೆ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಇನ್ನೊಂದು ಸಂಗತಿ ನೆನಪಿಡಬೇಕು. ಊಟ ತಡವಾಗಿ ಸಕ್ಕರೆ ಅಂಶ ಕುಸಿದಾಗ ಮೈ ಎಚ್ಚರಿಸುವುದು ಎದೆಬಡಿತ ಮತ್ತು ನಡುಕದಿಂದ. ಬೀಟಾ ಬ್ಲಾಕರ್ ಅವೆರಡನ್ನೂ ಮರೆಮಾಡಬಹುದು. ಬೆವರು ಮಾತ್ರ ಉಳಿಯುತ್ತದೆ, ಏಕೆಂದರೆ ಬೆವರಿನ ಗ್ರಂಥಿಗಳನ್ನು ನಡೆಸುವ ನರಗಳು ಅಡ್ರಿನಲಿನ್ ಬಳಗವನ್ನು ನೆಚ್ಚಿಲ್ಲ, ಬೇರೊಂದು ರಾಸಾಯನಿಕವನ್ನು ಬಳಸುತ್ತವೆ. ಕಾರಣವಿಲ್ಲದೆ ತಣ್ಣಗೆ ಬೆವರಿದರೆ ತಕ್ಷಣ ಸಕ್ಕರೆ ಪರೀಕ್ಷಿಸಿ. ಸಾಧ್ಯವಿಲ್ಲದಿದ್ದರೆ ಸಿಹಿ ತಿನ್ನಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಏಕಾಏಕಿ ನಿಲ್ಲಿಸುವುದು. ಗ್ರಾಹಕಗಳನ್ನು ಬಹುಕಾಲ ಮುಚ್ಚಿಟ್ಟರೆ ದೇಹ ಇನ್ನಷ್ಟು ಗ್ರಾಹಕಗಳನ್ನು ಬೆಳೆಸಿಕೊಳ್ಳುತ್ತದೆ. ಊರಹಬ್ಬಕ್ಕೆ ಹೋಗುವಾಗ ಡಬ್ಬಿ ಮರೆತೋ, ‘ಬಿಪಿ ನಾರ್ಮಲ್ ಬಂತು’ ಎಂದುಕೊಂಡೋ ಮಾತ್ರೆ ಬಿಟ್ಟರೆ ಅಡ್ರಿನಲಿನ್‌ಗೆ ಮೊದಲಿಗಿಂತ ಹೆಚ್ಚು ಜಾಗ ಖಾಲಿ ಸಿಗುತ್ತದೆ. ಎದೆಬಡಿತ ಏರಿ, ಹೃದಯದ ನಾಳದಲ್ಲಿ ತೊಂದರೆ ಇರುವವರಿಗೆ ಎದೆನೋವು, ಹೃದಯಾಘಾತ ಆಗುವ ಸಾಧ್ಯತೆಯೂ ಇದೆ. ನಿಲ್ಲಿಸಲೇಬೇಕಾದರೆ ವೈದ್ಯರ ಸಲಹೆಯಂತೆ ಒಂದೆರಡು ವಾರಗಳಲ್ಲಿ ಪ್ರಮಾಣ ಇಳಿಸುತ್ತ ಬರಬೇಕು.

ಆದ್ದರಿಂದ ಇದನ್ನು ಓದಿದ ಕೂಡಲೇ ನಿಮ್ಮ ‘ಲಾಲ್’ ಮಾತ್ರೆಯನ್ನು ಕಸದ ಬುಟ್ಟಿಗೆ ಎಸೆಯಬೇಡಿ. ಅದು ಹಳೆಯದು ಎಂಬ ಮಾತ್ರಕ್ಕೆ ಕೆಟ್ಟದ್ದಲ್ಲ. ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರಕ್ಕೆ ನಿಮಗೆ ಒಳ್ಳೆಯದೂ ಅಲ್ಲ. ಮುಂದಿನ ಸಲ ವೈದ್ಯರ ಬಳಿ ಹೋದಾಗ ಸ್ಟ್ರಿಪ್ ಜೊತೆಗಿರಲಿ. ‘ಇದನ್ನು ನನಗೆ ಕೊಟ್ಟಿರುವುದು ಬರೀ ಬಿಪಿಗೋ, ಹೃದಯಕ್ಕೂ ಸೇರಿಸಿಯೋ?’ ಎಂದು ಕೇಳಿ. ಬರೀ ಬಿಪಿಗೆ ಎಂದಾದರೆ ಬೇರೆ ಆಯ್ಕೆಗಳ ಬಗ್ಗೆ ಮಾತನಾಡಿ. ಹೃದಯಕ್ಕೂ ಎಂದಾದರೆ ಒಂದು ದಿನವೂ ತಪ್ಪಿಸಬೇಡಿ.